ಅಕ್ಕೋರ ಸೋಯರಿಕೆ

ಮೊನ್ನೆ ಊಟ ಮುಗಿಸಿ ಕೈ ಒರೆಸಿಕೊಳ್ಳುತ್ತಿದ್ದಾಗ ಅಂಕೋಲೆಯಿಂದ ಒಂದು ಫೋನು ಬಂತು. ಗುರುತಿಲ್ಲದ ದನಿ, ವಯಸ್ಸಾದವರದು. ಹೈಸ್ಕೂಲಿನಲ್ಲಿ ಮಾಸ್ತರಾಗಿರುವ ತಮ್ಮ ಅಕ್ಕನ ಮಗನಿಗೆ ಹೆಣ್ಣು ನೋಡುತ್ತಿದ್ದೇವೆ, ಹುಡುಗಿ ಹಿಂದೆ ಕಾರವಾರದಲ್ಲಿ ನಿಮ್ಮ ಮಾಳಿಗೆ ಮನೆಯಲ್ಲಿ ಬಾಡಿಗೆಗೆ ಇದ್ದಳಂತೆ, ಅವಳ ನಡೆನುಡಿ ಹೇಗೆ, ಸ್ವಲ್ಪ ತಿಳಿಸಬೇಕು ಎಂದರು.

ಇಂಥ ಫೋನು ಮಾಡುವುದರಲ್ಲಿಯೇ ನನ್ನ ಆಯುಷ್ಯ ಕಳೆದಿದೆ. ಹೊಟ್ಟೆಪಾಡಿಗೆ ತಾಲೂಕು ಕಚೇರಿಯಲ್ಲಿ ಕಾರಕೂನನಾಗಿದ್ದೆನಾದರೂ ನನ್ನ ನಿಜವಾದ ಕಸುಬು ಸೋಯರಿಕೆ. ಘಟ್ಟದ ಮೇಲಿನವರು ಸಂಬಂಧ ಕುದುರಿಸುವುದು ಎನ್ನುತ್ತಾರಲ್ಲ, ಅದಕ್ಕೆ ನಮ್ಮ ಕಡೆಯ ಮಾತು ಇದು. ಪುಕ್ಕಟೆ ಸೇವೆ, ಮದುವೆಯ ಊಟ ಮಾತ್ರ ನನ್ನದು. ಆದರೆ ವಿಚಾರಣೆಯ ಫೋನು ನನಗೇ ಬಂದದ್ದು ಇದೇ ಮೊದಲು.

"ನನ್ನ ನಂಬರು ಯಾರು ಕೊಟ್ರು ನಿಮ್ಗೆ?" ಎಂದು ಕೇಳಿದೆ.

"ಹುಡುಗೀನೇ ಕೊಟ್ಟಳು. ಮನೆ ಯಜಮಾನ್ರಿಗೆ ನನ್ನ ಮೇಲೆ ರಾಶಿ ಅನುಮಾನ ಇತ್ತು, ಕೇಳೂದಾದ್ರೆ ಅವ್ರನ್ನೇ ಕೇಳಿ ಅಂದಳು."

ನಾನು ನಾಳೆ ಇದೇ ಹೊತ್ತಿಗೆ ಮಾಡಿ ಎಂದು ಹೇಳಿ ಫೋನು ಇಟ್ಟೆ. ಕೇಳಿದ ಕೂಡಲೇ ಬರುವ ಉತ್ತರವನ್ನು ನಾನು ಯಾರಿಂದಲೂ ಒಪ್ಪಿಕೊಂಡವನಲ್ಲ, ಹಾಗಿರುವಾಗ ನಾನು ಕೊಡುವುದು ಹೇಗೆ. ನನ್ನ ಒಂದು ಮಾತಿನಿಂದ ಮದುವೆ ನಿಂತದ್ದೂ ಇದೆ, ಆದದ್ದೂ ಇದೆ. ಈಗ ಅಕ್ಕೋರ ಸೋಯರಿಕೆ ನನ್ನ ನಾಲಗೆಯ ಮೇಲೆ ಬಂದು ಕೂತಿತ್ತು. ಕೂರಿಸಿದವರು ಅವರೇ. ಏನು ಲೆಕ್ಕಾಚಾರ ಇಟ್ಟುಕೊಂಡು ಕೂರಿಸಿದರು ಎಂಬ ಪ್ರಶ್ನೆ ನನ್ನನ್ನು ಆ ಮಧ್ಯಾಹ್ನ ಮಲಗಲು ಬಿಡಲಿಲ್ಲ.

ಅಕ್ಕೋರು ಎಂದರೆ ನಮ್ಮಲ್ಲಿ ಹೆಣ್ಣು ಮಾಸ್ತರು. ಅವರಿಗೆ ಹೆಸರಿಲ್ಲವೆಂದಲ್ಲ, ಚಂದದ ಹೆಸರೇ ಇದೆ. ಆದರೆ ಮದುವೆ ಮಾತುಕತೆ ನಡೆಯುತ್ತಿರುವ ಹುಡುಗಿಯ ಹೆಸರನ್ನು ಊರಿಗೆಲ್ಲ ಹೇಳಿಕೊಂಡು ತಿರುಗುವುದು ನನ್ನ ಕಸುಬಿನ ಮರ್ಯಾದೆಗೆ ಸಲ್ಲದು. ಅವರ ಊರು ಅಗಸೂರು ದಾಟಿ ರಾಮನಗುಳಿ ರಸ್ತೆಯಲ್ಲಿ ಒಳಗೆ. ಬೇಸಾಯದ ಮನೆ. ಕಾರವಾರದ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ ಎಂದು ಬಂದರು. ಅತಿಥಿ ಎಂಬ ಮಾತು ಕೇಳಿಯೇ ನನಗೆ ಒಂದು ಶಂಕೆ ಬಂತು. ಇಂದು ಇದ್ದು ನಾಳೆ ಹೋಗುವವರಿಗೆ ಮನೆ ಕೊಟ್ಟರೆ ಗೋಡೆಗೆ ಮೊಳೆ ಹೊಡೆದ ತೂತು ಮಾತ್ರ ಉಳಿಯುತ್ತದೆ. ಆದರೆ ನನ್ನ ಹೆಂಡತಿ ಅಷ್ಟರೊಳಗೆ ಚಹಾ ಕೊಟ್ಟು ಆಗಿತ್ತು. ಅವಳು ಚಹಾ ಕೊಟ್ಟವರನ್ನು ನಾನು ಈವರೆಗೆ ಹೊರಗೆ ಕಳಿಸಿದ್ದಿಲ್ಲ.

"ಕಾಲೇಜು ಮುಗಿದ ಮೇಲೆ ಯಂತ ಮಾಡ್ತ್ರಿ?" ಎಂದು ಕೇಳಿದೆ.

ಅವರು ಮೇಜಿನ ಮೇಲಿದ್ದ ನನ್ನ ಫೋಟೋಗಳ ಕಟ್ಟನ್ನು ನೋಡಿದರು. ಅದರಲ್ಲಿ ಮದುವೆಯ ವಯಸ್ಸಿಗೆ ಬಂದ ಹುಡುಗ ಹುಡುಗಿಯರ ಫೋಟೋಗಳಿದ್ದವು. ಸದ್ದಿಲ್ಲದೆ ನಕ್ಕರು. ನಗುವಾಗ ಭುಜ ಅಲುಗುತ್ತಿತ್ತೇ ಹೊರತು ಬಾಯಿಂದ ಏನೂ ಬರುತ್ತಿರಲಿಲ್ಲ. ಈ ಬಗೆಯ ನಗೆಯನ್ನು ನಾನು ಮೊದಲಿನಿಂದಲೂ ನಂಬಿದವನಲ್ಲ.

"ನಂದೂ ನಿಮ್ಮದೇ ಕೆಲಸ ಮಾಮ. ಸೋಯರಿಕೆ ನೋಡೂದು. ನೀವು ಕೈಯಲ್ಲಿ ಮಾಡ್ತ್ರಿ, ನಾ ಕಂಪ್ಯೂಟರಲ್ಲಿ ಮಾಡ್ತೆ."

ಇಲ್ಲಿಂದ ಸುರುವಾಯಿತು ನೋಡಿ. ನಮ್ಮ ಮನೆಮಾತು ಕೊಂಕಣಿ, ಸೋಯರಿಕೆ ನಮ್ಮ ಬಾಯಲ್ಲಿ ತಮಾಷೆಯ ಮಾತಲ್ಲ. ಈಗೆಲ್ಲ ಫೋನಿನೊಳಗೇ ಗಂಡು ಹೆಣ್ಣು ಹುಡುಕುವ ಕಂಪನಿಗಳು ಬಂದಿವೆಯೆಂದು ಕೇಳಿದ್ದೆ. ಅಂಥದೊಂದು ಕಂಪನಿಯ ಏಜೆಂಟು ನನ್ನ ತಲೆಯ ಮೇಲೆಯೇ ಬಂದು ಕೂತ ಹಾಗಾಯಿತು. ಹೆಂಡತಿಗೆ ಹೇಳಿದರೆ, "ಇರ್ಲಿ ಬಿಡಿ, ನಿಮ್ಗೂ ಜೊತೆಯಾಯ್ತು," ಎಂದು ಮೀನಿನ ಹುಳಿ ತಿರುವತೊಡಗಿದಳು.

ಈ ಮಾತು ಅವಳ ಬಾಯಿಂದಲೇ ಹರಡಿತು ಎಂಬುದು ನನ್ನ ಈಗಿನ ನಂಬಿಕೆ. ಸ್ವಲ್ಪ ದಿನದಲ್ಲಿ ಬೇಲೆಕೇರಿಯಿಂದ ಒಬ್ಬ ತಾಯಿ ಮಗಳ ಫೋಟೋ, ಜಾತಕ ಎಲ್ಲ ಹಿಡಿದುಕೊಂಡು ಬಂದಳು. ನನ್ನ ಹತ್ತಿರ ಅಲ್ಲ, ಸೀದಾ ಮಾಳಿಗೆಗೆ. ನಾನು ಕೆಳಗೆ ಪೇಪರು ಹಿಡಿದುಕೊಂಡು ಕಿವಿ ಮೇಲಿಟ್ಟಿದ್ದೆ. ಅಕ್ಕೋರು ಆಕೆಯನ್ನು ಕೂರಿಸಿ, ನೀರು ಕೊಟ್ಟು, ಫೋಟೋ ನೋಡಿ, "ಮಗಳು ಚಂದ ಇದ್ದಾಳೆ. ಅವ್ಳಿಗೆ ಯಾರು ಬೇಕು ಅಂತ ಕೇಳಿದ್ರಾ?" ಎಂದರು. ಆ ತಾಯಿ ಮೆಟ್ಟಿಲಿಳಿದು ಬಂದವಳು ನನ್ನೆದುರು ನಿಂತು, "ನಿಮ್ಮ ಮಾಳಿಗೆ ಕಂಪ್ಯೂಟರು ಕೆಟ್ಟಿದೆ. ಯಂತದ್ದೂ ಹೇಳೂದಿಲ್ಲ, ತಿರಗಿ ನಮ್ಮನ್ನೇ ಕೇಳ್ತದೆ," ಎಂದು ಹೊರಟುಹೋದಳು. ಆಕೆಯ ಮಗಳಿಗೆ ಆಮೇಲೆ ಗಂಡು ಗೊತ್ತು ಮಾಡಿದವನು ನಾನೇ. ಅದನ್ನು ಇಲ್ಲಿ ಹೇಳಬೇಕಾದ್ದಿಲ್ಲ, ಆದರೂ ಹೇಳಿದೆ.

ನನ್ನ ಅನುಮಾನಕ್ಕೆ ಇನ್ನೂ ಕಾರಣಗಳಿದ್ದವು. ಕಾರವಾರ ನೌಕಾನೆಲೆ ಇರುವ ಊರು. ಯಾರು, ಎಲ್ಲಿಯವರು ಎಂದು ವಿಚಾರಿಸುವುದು ಇಲ್ಲಿ ತಪ್ಪಲ್ಲ. ಮಳೆಗಾಲದಲ್ಲಿ ಕರೆಂಟು ಹೋದ ಕೂಡಲೇ ಮಾಳಿಗೆಯಿಂದ ಕೀ ಕೀ ಎಂಬ ಸದ್ದು ಬರುತ್ತಿತ್ತು. ಸಂಜ್ಞೆ ಕಳಿಸುವ ಯಂತ್ರವೇ ಇರಬೇಕೆಂದು ನಾನು ಮೆಟ್ಟಿಲ ಬುಡದಲ್ಲಿ ನಿಂತು ಕೇಳಿದ್ದೇನೆ. ಕಂಪ್ಯೂಟರು ಆರದಂತೆ ಇಟ್ಟ ಬ್ಯಾಟರಿ ಪೆಟ್ಟಿಗೆಯ ಸದ್ದು ಅದು ಎಂದು ಆಮೇಲೆ ತಿಳಿಯಿತು. ತಿಳಿಸಿದವರು ಅವರೇ ಆದ್ದರಿಂದ ಪೂರ್ತಿ ನಂಬಲಿಲ್ಲ.

ಇದಕ್ಕೆಲ್ಲ ಕಳಸವಿಟ್ಟ ಹಾಗೆ ಒಂದು ದಿನ ಅವರು ಫೋನಿನಲ್ಲಿ ಮಾತಾಡುವುದು ಕಿವಿಗೆ ಬಿತ್ತು. ಭಾನುವಾರ ಬೆಳಿಗ್ಗೆ, ನಾನು ಟೆರೇಸಿನಲ್ಲಿ ಹಪ್ಪಳ ಕಾಯುತ್ತಿದ್ದೆ. ಕಾಗೆಯ ಕಾಟ, ಅದರಿಂದ ಅಲ್ಲೇ ನಿಂತಿರಬೇಕಾಗಿತ್ತು. ಕೆಳಗೆ ಅವರ ಕೋಣೆಯ ಕಿಟಕಿ ತೆರೆದಿತ್ತು.

"ಇಲ್ಲ ಸರ್, ಈಸ್ಟಲ್ಲಿ ಜೋಡಿ ಆಗ್ತಾ ಇಲ್ಲ," ಎಂದರು. "ಆಲ್ಫಾ ಬದೀಗೇ ಇದೆ, ಆದ್ರೂ ಎ ಅದನ್ನ ಬಿಟ್ಟು ದೂರದ್ದಕ್ಕೆ ತಿರಗ್ತಾ ಇದೆ. ಕೂಡಿದ್ದಕ್ಕೂ ಮತ್ತೆ ಮೂರನೇದು ಬಂದು ಸೇರ್ತದೆ. ಅವೆಲ್ಲ ಸತ್ತೇ ಹೋಗ್ತವೆ ಸರ್."

ನನಗೆ ಹಪ್ಪಳ ಮರೆತುಹೋಯಿತು. ಈಸ್ಟ್ ಎಂದರೆ ಪೂರ್ವ. ಹೆಣ್ಣು ಸಿಗದ ಹುಡುಗರಿಗೆ ದೂರದ ಸೀಮೆಗಳಿಂದ ಹೆಣ್ಣು ತಂದುಕೊಡುವ ದಲ್ಲಾಳಿಗಳ ಸುದ್ದಿ ನಮ್ಮ ಜಿಲ್ಲೆಯಲ್ಲಿ ಯಾರಿಗೆ ಗೊತ್ತಿಲ್ಲ. ಇಲ್ಲಿ ಹೆಸರು ಹೇಳದೆ ಎ, ಆಲ್ಫಾ ಎಂದು ಗುಪ್ತ ಭಾಷೆ ಬೇರೆ. ಸಾಯುತ್ತಾರೆ ಎನ್ನುವಾಗ ದನಿಯಲ್ಲಿ ಒಂದಿಷ್ಟೂ ಮರುಕವಿಲ್ಲ. ನಾನು ಕೆಳಗಿಳಿದು, ಅಂಗಿ ಹಾಕಿಕೊಂಡು, ಮಾಳಿಗೆಗೆ ಹೋಗಿ ಬಾಗಿಲು ಬಡಿದೆ. ಬೇಡ ಬೇಡ ಎನ್ನುತ್ತ ಹೆಂಡತಿ ಹಿಂದೆಯೇ ಬಂದಳು.

"ಅಕ್ಕೋರೆ, ನೇರ ಕೇಳ್ತೆ, ನೇರ ಹೇಳಿ. ಈಸ್ಟಿನವ್ರಿಗೆ ಇಲ್ಲಿಂದ ಹೆಣ್ಣು ಕಳಿಸ್ತ್ರೋ, ಅಲ್ಲಿಂದ ತರಿಸ್ತ್ರೋ?"

ಅವರು ಅರ್ಥವಾಗದೆ ನೋಡಿದರು. "ಈಸ್ಟಲ್ಲಿ ಹೆಣ್ಣು ಗಂಡು ಅಂತ ಇಲ್ಲ ಮಾಮ. ಎರಡು ಬಗೆ ಇದೆ, ಅಷ್ಟೇ."

ನನ್ನ ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡಳು. ಹೆಣ್ಣು ಗಂಡು ಎಂಬ ಭೇದವಿಲ್ಲದ ಪೂರ್ವದೇಶ ಯಾವುದೆಂದು ನಾನು ಯೋಚಿಸುತ್ತಿದ್ದಾಗ ಅಕ್ಕೋರಿಗೆ ವಿಷಯ ಹೊಳೆಯಿತು. ಆ ದಿನ ಮಾತ್ರ ಅವರ ನಗೆಗೆ ಸದ್ದು ಬಂತು.

"ಪಾವ್ ತಿಂತ್ರಲ್ಲ ಮಾಮ, ದಿನಾ ಬೆಳಿಗ್ಗೆ? ಅದನ್ನ ಉಬ್ಬಿಸೂ ಈಸ್ಟ್."

ಯೀಸ್ಟ್. ಬೇಕರಿಯವನು ಹಿಟ್ಟಿಗೆ ಹಾಕುವ ಪುಡಿ. ಒಂದೊಂದು ಕಣವೂ ಒಂದು ಜೀವವಂತೆ. ಬರಿಗಣ್ಣಿಗೆ ಕಾಣದ ಆ ಜೀವ ತನಗೆ ಜೋಡಿಯನ್ನು ಹೇಗೆ ಹುಡುಕಿಕೊಳ್ಳುತ್ತದೆ, ಸುತ್ತ ಹಲವು ಇದ್ದಾಗ ಅವುಗಳಲ್ಲಿ ಒಂದನ್ನೇ ಹೇಗೆ ಆರಿಸುತ್ತದೆ ಎಂಬುದನ್ನು ಕಂಪ್ಯೂಟರಿನಲ್ಲಿ ಆಟದ ಹಾಗೆ ಕಟ್ಟಿ ನೋಡುವುದು ಇವರ ಪಿಎಚ್.ಡಿ. ಕೆಲಸ. ಫೋನಿನಲ್ಲಿ ಇದ್ದವರು ದೂರದ ಊರಿನ ಅವರ ಗೈಡು. ನನ್ನ ಹೆಂಡತಿ ಮೆಟ್ಟಿಲ ಮೇಲೆಯೇ ಕೂತು ನಕ್ಕಳು. ನಾನು ನಗಲಿಲ್ಲ. ಒಬ್ಬ ಓದಿದ ಹೆಂಗಸು, ಬೇಸಾಯದವರ ಮನೆಯವಳು, ಪಾವಿನ ಹಿಟ್ಟಿಗೆ ಮದುವೆ ಮಾಡಿಸಲು ಕಂಪ್ಯೂಟರು ಇಟ್ಟುಕೊಂಡಿದ್ದಾಳೆ ಎಂದರೆ, ಗೂಢಚಾರಿಣಿ ಎನ್ನುವುದಕ್ಕಿಂತ ಅದನ್ನು ನಂಬುವುದೇ ಕಷ್ಟ.

"ತೋರಿಸಿ ನೋಡ್ವಾ," ಎಂದೆ.

ತೋರಿಸಿದರು. ಪರದೆಯ ಮೇಲೆ ದುಂಡನೆಯ ಕಾಳುಗಳು, ಕೆಲವು ಹಸಿರು, ಕೆಲವು ಕೆಂಪು. ಹಸಿರು ಬಗೆಗೆ ಎ ಎಂದೂ ಕೆಂಪು ಬಗೆಗೆ ಆಲ್ಫಾ ಎಂದೂ ಹೆಸರಂತೆ. ಪ್ರತಿಯೊಂದರ ಅಂಚಿನಲ್ಲೂ ಒಂದು ಹೊಳೆಯುವ ಮಚ್ಚೆ. ಆ ಮಚ್ಚೆ ಒಂದು ಕಡೆ ನಿಲ್ಲದೆ ಅಂಚಿನುದ್ದಕ್ಕೂ ಅಲೆದಾಡುತ್ತಿತ್ತು. ಇವಕ್ಕೆ ಕಾಲಿಲ್ಲ, ಇದ್ದಲ್ಲಿಂದ ಅಲ್ಲಾಡಲು ಬರುವುದಿಲ್ಲ ಎಂದು ಅಕ್ಕೋರು ಹೇಳಿದರು. ಎರಡು ಬಗೆಯವೂ ಒಂದೊಂದು ವಾಸನೆಯನ್ನು ಬಿಡುತ್ತವೆ. ಇದರ ವಾಸನೆ ಅದಕ್ಕೆ, ಅದರದು ಇದಕ್ಕೆ ತಿಳಿಯುತ್ತದೆ. ವಾಸನೆ ಬಂದ ಕಡೆಗೆ ಮಚ್ಚೆ ತಿರುಗುತ್ತದೆ. ತಿರುಗಿ ಗಟ್ಟಿಯಾಗಿ ನಿಂತರೆ ಅಲ್ಲಿಂದ ಒಂದು ಮೂತಿ ಚಾಚಿಕೊಳ್ಳುತ್ತದೆ. ಎರಡರ ಮೂತಿಯೂ ಎದುರು ಬದುರಾದರೆ ಕೂಡಿ ಒಂದಾಗುತ್ತವೆ.

"ಯಾರ ವಾಸನೆ ಜೋರೋ ಅವ್ರ ಬದಿಗೆ ಹೋಗ್ತವೆ ಅಂತಾಯ್ತು. ಇದ್ರಲ್ಲಿ ಕಲಿಯೂದು ಯಂತ ಇದೆ?"

"ಸುತ್ತ ಎಲ್ಲಾ ವಾಸನೆಯೇ ತುಂಬಿದ್ರೆ? ಯಾವ ಬದಿ ಜೋರು ಅಂತ ಹ್ಯಾಂಗೆ ತಿಳಿಯೂದು ಮಾಮ? ಅದ್ಕೇ ಇದ್ರಲ್ಲಿ ಒಂದು ಬಗೆಯದು ತನ್ನ ಹತ್ರ ಬಂದ ವಾಸನೆನ ತಾನೇ ಕೆಡಿಸ್ತದೆ. ಕೆಡಿಸಿದ ಮೇಲೂ ಉಳಿದದ್ದು ಯಾವ ಬದಿಂದ ಬಂತೋ, ಆ ಬದಿಗೆ ನೋಡ್ತದೆ."

ಸುಖಾಸುಮ್ಮನೆ ಯಾರಾದರೂ ತಮಗೆ ಬೇಕಾದ ಸುದ್ದಿಯನ್ನು ತಾವೇ ಕೆಡಿಸಿಕೊಳ್ಳುತ್ತಾರೆಯೇ ಎಂದು ನನಗನ್ನಿಸಿತು. ಅದನ್ನು ಬಿಟ್ಟು ಬೇರೊಂದು ಕೇಳಿದೆ. ಈ ಕಾಳುಗಳನ್ನು ಬರೆದವರು ನೀವು, ಲೆಕ್ಕ ನಿಮ್ಮದು, ನೀವು ಹೇಳಿದ ಹಾಗೆ ಅವು ಕುಣಿಯುತ್ತವೆ, ಹಾಗಿದ್ದ ಮೇಲೆ ನಿಮಗೆ ಗೊತ್ತಿಲ್ಲದ್ದನ್ನು ಅವು ಹೇಗೆ ಹೇಳಿಯಾವು?

ಅವರು ಪೆನ್ನಿನ ಮುಚ್ಚಳ ಕಚ್ಚಿಕೊಂಡು ನನ್ನನ್ನು ನೋಡಿದರು. ಇದು ಅವರಿಗೆ ಮಾತು ಹಿಡಿಸಿದಾಗಿನ ಭಂಗಿ ಎಂದು ಆಮೇಲಾಮೇಲೆ ತಿಳಿಯಿತು. "ನಾ ಹೇಳ್ದಾಂಗೆ ಕುಣಿಯೂದಾಗಿದ್ರೆ ಇಷ್ಟೊತ್ತಿಗೆ ನಾ ಡಾಕ್ಟರಾಗ್ತಿದ್ದೆ," ಎಂದರು. ಒಂದು ಜೀವಕ್ಕೆ ಏನು ಗೊತ್ತಾಗುತ್ತದೋ ಅಷ್ಟು ಮಾತ್ರ ತಾನು ಬರೆಯುತ್ತೇನೆ, ಹಲವನ್ನು ಒಟ್ಟಿಗೆ ಬಿಟ್ಟಾಗ ಏನಾಗುತ್ತದೆಂದು ತನಗೂ ಗೊತ್ತಿರುವುದಿಲ್ಲ, ಅದು ಪ್ರಯೋಗಶಾಲೆಯ ನಿಜ ಯೀಸ್ಟಿಗೆ ಹೊಂದದಿದ್ದರೆ ತಾನು ತಿಳಿದುಕೊಂಡದ್ದೇ ತಪ್ಪು ಎಂದರು. "ದಿನಾ ತಪ್ಪಾಗ್ತದೆ," ಎಂದು ಸೇರಿಸಿದರು.

ಇಂಥವರು ಅವರು. ಅವರ ಬಗ್ಗೆ ಒಂದು ಮಾತನ್ನು ಒಪ್ಪಿಕೊಳ್ಳಲೇಬೇಕು, ಅನುಮಾನದಲ್ಲಿ ನನಗಿಂತ ಒಂದು ಕೈ ಮೇಲೆ. ಮೀನು ಮಾರುವವಳು ಎಷ್ಟು ಬೈದರೂ ಬಂಗಡೆಯ ಕಿವಿರು ಎತ್ತಿ ನೋಡದೆ ಕೊಳ್ಳುತ್ತಿರಲಿಲ್ಲ. ಬಾಗಿಲಿಗೆ ಬೀಗ ಹಾಕಿ ಮೆಟ್ಟಿಲಿಳಿದ ಮೇಲೆ ಮತ್ತೆ ಹತ್ತಿಹೋಗಿ ಎಳೆದು ನೋಡುತ್ತಿದ್ದರು. ಕಂಪ್ಯೂಟರಿನ ಲೆಕ್ಕ ತಪ್ಪು ಬಂದ ದಿನ ಹಾಡು ಗುನುಗುತ್ತ ಕೆಳಗೆ ಬರುವರು, ಸರಿಯಾಗಿ ಬಂದ ದಿನ ಮುಖ ಹುಳಿ ಮಾಡಿಕೊಂಡು ಬರುವರು. ಯಾಕೆಂದರೆ, "ಇಷ್ಟು ಸುಲಭಕ್ಕೆ ಬಂತಲ್ಲ ಮಾಮಿ, ಎಲ್ಲೋ ಏನೋ ಹುಳುಕಿದೆ." ಲೆಕ್ಕ ಓಡುತ್ತಿರುವಾಗ ಮಾಡಲು ಏನೂ ಕೆಲಸವಿಲ್ಲವಂತೆ. ಆ ಹೊತ್ತಿನಲ್ಲಿ ಹಿತ್ತಲ ಕಟ್ಟೆಯಲ್ಲಿ ಕೂತು ನನ್ನ ಹೆಂಡತಿಯ ಜೊತೆ ತಿಸ್ರೆ ಎಂಬ ಚಿಪ್ಪುಮೀನು ಬಿಡಿಸುತ್ತಿದ್ದರು. ಬಾಯಿ ಬಿಡದ ಚಿಪ್ಪನ್ನು ಮೂಸಿ ಬದಿಗಿಡುವರು, ಆಮೇಲೆ ಇನ್ನೊಮ್ಮೆ ಎತ್ತಿ ಮೂಸುವರು. ಅವರ ಬಾಯಲ್ಲಿ ಸದಾ ಒಂದೇ ಮಾತು, "ಇನ್ನೊಂದು ಸಲ ನೋಡ್ವಾ."

ನಾನು ಅವರಿಗೂ ಗಂಡು ತೋರಿಸದೆ ಬಿಟ್ಟೆನೆಂದು ತಿಳಿಯಬೇಡಿ. ಒಳ್ಳೊಳ್ಳೆಯ ಫೋಟೋಗಳನ್ನೇ ತೆಗೆದಿಟ್ಟಿದ್ದೆ. ಅವರು ಫೋಟೋ ನೋಡುತ್ತಿರಲಿಲ್ಲ, ನನ್ನನ್ನು ಪ್ರಶ್ನೆ ಕೇಳುತ್ತಿದ್ದರು. ಹುಡುಗ ಒಳ್ಳೆಯವನೆಂದು ನಿಮಗೆ ಹೇಗೆ ಗೊತ್ತು? ಹೇಳಿದವರು ಯಾರು? ಅವರಿಗೆ ಹೇಳಿದವರು ಯಾರು? ನಾನು ನನ್ನ ಪದ್ಧತಿಯನ್ನು ವಿವರಿಸಿದೆ. ಹೊಗಳುವವರನ್ನು ನಾನು ಕೇಳುವುದೇ ಇಲ್ಲ. ಆ ಮನೆಯವರ ಜೊತೆ ಜಗಳವಾಡಿದವರು ಯಾರೆಂದು ಪತ್ತೆ ಮಾಡಿ ಅವರ ಮನೆಗೆ ಹೋಗಿ ಕೂರುತ್ತೇನೆ. ಸಿಟ್ಟಿನವನು ಎಲ್ಲ ಹೇಳಿ ಮುಗಿಸಿದ ಮೇಲೂ, ಆದ್ರೂ ಹುಡುಗ ತೆಗೆದುಹಾಕುವ ಹಾಗಿಲ್ಲ ಎಂದರೆ ಅಷ್ಟು ಮಾತ್ರ ನನಗೆ ಬೇಕು. ಅಕ್ಕೋರು ಮುಚ್ಚಳ ಕಚ್ಚಿಕೊಂಡು ಕೇಳಿದರು. "ಮಾಮ, ನೀವೂ ವಾಸನೆ ಕೆಡಿಸಿಯೇ ನೋಡೂದು ಹಾಂಗಾದ್ರೆ," ಎಂದರು. ಹೊಗಳಿಕೆಯೋ ಹಂಗಿಸುವುದೋ ತಿಳಿಯಲಿಲ್ಲ.

ಇಷ್ಟು ಒಳ್ಳೆಯ ಹುಡುಗಿಗೆ ಇನ್ನೂ ಮದುವೆ ಆಗಿಲ್ಲ ಯಾಕೆ ಎಂಬುದು ನನ್ನ ತಲೆಯನ್ನು ಕೊರೆಯುತ್ತಲೇ ಇತ್ತು. ಬೇರೊಂದು ಸೋಯರಿಕೆಯ ಕೆಲಸಕ್ಕೆ ಅಗಸೂರಿಗೆ ಹೋದವನು ಅಲ್ಲಿ ಬಸ್ಸು ಕಾಯುತ್ತ ನನ್ನ ಪದ್ಧತಿಯಂತೆಯೇ ವಿಚಾರಿಸಿದೆ. ಅಂಗಡಿಯ ಬೆಂಚಿನಲ್ಲಿ ಕೂತ ಒಬ್ಬರು ಹೇಳಿದರು, ನಿಶ್ಚಯವಾಗಿತ್ತು, ವೀಳ್ಯ ಶಾಸ್ತ್ರವೂ ಮುಗಿದಿತ್ತು, ಹುಡುಗಿಯೇ ಮುರಿದಳು ಎಂದು. ಯಾಕೆ ಎಂದರೆ ಅವರು ಕೈ ತಿರುವಿದರು. ನಮ್ಮ ಕಸುಬಿನಲ್ಲಿ ಕೈ ತಿರುವಿದರೆ ಅರ್ಥ ಬಹಳ. ಬಸ್ಸಿನಲ್ಲಿ ಬರುವಾಗ ನನಗೆ ಸಿಟ್ಟು ಬಂತು. ಮನೆಯೊಳಗೆ ಸೇರಿಸಿ, ಊಟ ಹಾಕಿ, ಮಗಳ ಹಾಗೆ ನೋಡಿಕೊಂಡರೆ ಇದನ್ನು ಮುಚ್ಚಿಟ್ಟರಲ್ಲ ಎಂದು.

ಮನೆಗೆ ಬಂದಾಗ ಅವರು ಹಿತ್ತಲ ಕಟ್ಟೆಯಲ್ಲೇ ಇದ್ದರು. ಚಪ್ಪಲಿ ಬಿಡದೆಯೇ ಕೇಳಿದೆ.

"ನಿಮ್ಮದು ಒಂದು ಮುರಿದಿತ್ತಂತೆ. ಹೌದೇ?"

"ಹೌದು ಮಾಮ."

"ಹೇಳ್ಲಿಲ್ಲ ನೀವು."

"ನೀವು ಕೇಳ್ಲಿಲ್ಲ. ಕೇಳ್ತ್ರಿ ಅಂತ ಕಾಯ್ತಾ ಇದ್ದೆ."

ಹೆಂಡತಿ ನನ್ನ ಕಡೆ ಕಣ್ಣು ಬಿಟ್ಟಳು. ಅಕ್ಕೋರು ಕೈಯಲ್ಲಿದ್ದ ಚಿಪ್ಪನ್ನು ಕೆಳಗಿಟ್ಟರು. ಅವರ ದನಿ ಎಂದಿನಂತೆಯೇ ಇತ್ತು, ಆದರೆ ಮುಖ ನನ್ನ ಕಡೆಗಿರಲಿಲ್ಲ.

"ಅವ್ರು ಕೆಟ್ಟವ್ರಲ್ಲ ಮಾಮ. ನಮ್ಮದು ರಸ್ತೆ ಬದಿಗೆ ಗದ್ದೆ ಉಂಟು. ಅವ್ರು ಮನೆಗೆ ಬಂದಾಗೆಲ್ಲ ಅದರ ಬದಿಗೇ ನೋಡ್ತಾ ಇದ್ರು. ಅವ್ರ ಅಣ್ಣನೂ ಅದ್ನೇ ನೋಡ್ತಿದ್ದ. ನಾ ಮಾತ್ರ ಅವ್ರ ಬದಿ ನೋಡ್ತಾ ಕೂತಿದ್ದೆ. ತಿಳೀತಿದ್ದಾಂಗೆ ಅಪ್ಪನ ಹತ್ರ ಬೇಡ ಅಂದೆ. ಅಪ್ಪ ಸುಮಾರು ದಿನ ಮಾತಾಡ್ಲಿಲ್ಲ."

"ಶಾಸ್ತ್ರ ಆದ ಮೇಲೆ ಹಿಂದೆ ತಕ್ಕೊಳ್ಳೂದಾ?"

"ಕಂಪ್ಯೂಟರಲ್ಲಿ ಅದನ್ನೂ ಮಾಡಿ ನೋಡಿದೆ. ಮಚ್ಚೆ ಒಂದ್ಸಲ ನಿಂತ್ರೆ ಮುಗೀತು, ಹಿಂದೆ ಬರೂಹಾಂಗಿಲ್ಲ ಅಂತ ಬರೆದು ಬಿಟ್ಟೆ. ಹೆಚ್ಚಿನವೆಲ್ಲ ಖಾಲಿ ಬದಿಗೆ ಮೂತಿ ಚಾಚಿ ಹಾಂಗೇ ಉಳಿದ್ವು. ನಿಜವಾದ ಈಸ್ಟ್ ಹಾಂಗೆ ಮಾಡೂದಿಲ್ಲ ಮಾಮ. ಎದುರಿನ ಮಚ್ಚೆ ತನ್ನ ಬದಿಗೆ ಇಲ್ಲ ಅಂತಾದ್ರೆ ಹಿಂದೆ ತಕ್ಕಂಡು ಮತ್ತೆ ಹುಡುಕ್ತದೆ."

ಇದನ್ನು ಹೇಳಿ ಅವರು ಎದ್ದು ಮಾಳಿಗೆಗೆ ಹೋದರು. ಪಾವಿನ ಹಿಟ್ಟನ್ನು ಸಾಕ್ಷಿಗೆ ಕರೆದುಕೊಂಡು ಬಂದ ಹುಡುಗಿಯನ್ನು ನಾನು ಬೇರೆಲ್ಲೂ ನೋಡಿಲ್ಲ. ನಂಬಿದೆನೇ ಎಂದರೆ, ಇಲ್ಲ. ಅದು ಒಂದು ಕಡೆಯ ಮಾತು. ಆದರೆ ಮುಂದೆ ಒಮ್ಮೆ ರಾಮನಗುಳಿ ಬಸ್ಸಿನಲ್ಲಿ ಹೋಗುವಾಗ ಆ ಗದ್ದೆಯನ್ನು ನೋಡಲೆಂದೇ ಕಿಟಕಿ ಬದಿಗೆ ಕೂತೆ. ಡಾಂಬರಿಗೆ ತಾಗಿ, ಸಪಾಟಾಗಿ, ಹೋಟೆಲು ಕಟ್ಟಲು ಹೇಳಿ ಮಾಡಿಸಿದಂಥ ಜಾಗ. ನೋಡಿ ನನಗೆ ಸಂಕಟವಾಯಿತು. ಅಂಥ ಗದ್ದೆಯ ಎದುರು ಪೆನ್ನಿನ ಮುಚ್ಚಳ ಕಚ್ಚುವ ಹುಡುಗಿಯನ್ನು ಯಾರು ನೋಡುತ್ತಾರೆ.

ಆಮೇಲೆ ಅವರಿಗೆ ಅಂಕೋಲೆಯ ಕಡೆಗೇ ಕೆಲಸ ಸಿಕ್ಕಿತು. ಈ ಸಲ ಅತಿಥಿಯಲ್ಲ, ಕಾಯಂ. ಕಂಪ್ಯೂಟರನ್ನು ಎರಡು ಹೊದಿಕೆಗಳಲ್ಲಿ ಸುತ್ತಿ, ಟೆಂಪೋದಲ್ಲಿ ಮಡಿಲ ಮೇಲೆ ಇಟ್ಟುಕೊಂಡು ಹೊರಟರು. ಗೋಡೆಯಲ್ಲಿ ಒಂದೂ ಮೊಳೆಯ ತೂತಿರಲಿಲ್ಲ. ಕೀಲಿಕೈ ಕೊಡುವಾಗ ನನ್ನನ್ನು ಕೇಳಿದರು, "ಅನುಮಾನ ಎಲ್ಲ ಹೋಯ್ತಾ ಮಾಮ?"

"ಇಲ್ಲ," ಎಂದೆ.

"ಚಲೋ ಆಯ್ತು," ಎಂದು ಭುಜ ಅಲುಗಿಸಿ ನಕ್ಕರು.

ಅವರು ಹೋದ ಮೇಲೆ ಮಳೆಗಾಲದಲ್ಲಿ ಕರೆಂಟು ಹೋದರೆ ಮಾಳಿಗೆಯಿಂದ ಸದ್ದು ಬರುತ್ತಿರಲಿಲ್ಲ. ನನಗೆ ಬೇಜಾರಾಗುತ್ತಿತ್ತು. ಹೇಳಿಕೊಳ್ಳಲು ನಾಚಿಕೆಯ ವಿಷಯವೇನಲ್ಲ.

ಇಷ್ಟೆಲ್ಲ ನೆನಪು ಮಾಡಿಕೊಂಡರೂ ಏನು ಉತ್ತರ ಕೊಡುವುದೆಂದು ನನಗೆ ಬಗೆಹರಿಯಲಿಲ್ಲ. ಮರುದಿನ ಬೆಳಿಗ್ಗೆ ಹೆಂಡತಿ, "ಚಲೋ ಹುಡುಗಿ ಅಂದ್ಬಿಡಿ, ಮುಗೀತು. ಅದ್ಕೆ ಇಷ್ಟು ಯೋಚನೆ ಯಂತಕ್ಕೆ?" ಎಂದಳು. ಅವಳಿಗೆ ನನ್ನ ಕಸುಬು ಇನ್ನೂ ತಿಳಿದಿಲ್ಲ. ಒಳ್ಳೆಯ ಹುಡುಗಿ ಎಂದು ನಾನು ಹೇಳಿದರೆ ಆ ಮನುಷ್ಯನಿಗೆ ಕೂಡಲೇ ಸಂಶಯ ಬರುತ್ತದೆ, ಅವನ ಜಾಗದಲ್ಲಿ ನಾನಿದ್ದರೂ ಬರುತ್ತಿತ್ತು. ಮುರಿದದ್ದನ್ನು ಹೇಳಿದರೆ ಸೋಯರಿಕೆ ಅಲ್ಲೇ ನಿಲ್ಲಬಹುದು. ಹೇಳದಿದ್ದರೆ ನಾಳೆ ಬೇರೆ ಯಾರೋ ಕೈ ತಿರುವಿ ಹೇಳುತ್ತಾರೆ. ಅಕ್ಕೋರಿಗೆ ಇವೆಲ್ಲ ಗೊತ್ತಿದ್ದೇ ನನ್ನ ನಂಬರು ಕೊಟ್ಟಿರಬೇಕು. ಅವರಿಗೆ ಈ ಮದುವೆ ಬೇಕಾಗಿದೆಯೇ, ಅಥವಾ ಮುರಿಯುವುದಕ್ಕೆ ನನ್ನನ್ನು ಇಟ್ಟುಕೊಂಡಿದ್ದಾರೆಯೇ ಎಂದೂ ಒಂದು ಗಳಿಗೆ ಅನ್ನಿಸಿತು.

ಹೇಳಿದ ಹೊತ್ತಿಗೆ ಸರಿಯಾಗಿ ಫೋನು ಬಂತು. ಗೃಹಸ್ಥರು ಪೀಠಿಕೆ ಹಾಕಲಿಲ್ಲ.

"ನಮ್ಗೆ ಒಂದು ಸುದ್ದಿ ಬಂದಿದೆ. ಮುಂಚೆ ಒಂದು ಆಗಿ ಮುರಿದದ್ದಂತೆ. ಹೌದೇನ್ರಿ?"

"ಹೌದು," ಎಂದೆ. "ಅವ್ರೇ ಮುರಿದದ್ದು."

ಹೆಂಡತಿ ಅಡಿಗೆಮನೆಯ ಬಾಗಿಲಲ್ಲಿ ಬಂದು ನಿಂತು ಹಣೆಗೆ ಕೈ ಹಚ್ಚಿಕೊಂಡಳು.

"ಕಾರಣ?"

"ಗಂಡಿನ ಕಡೆಯವ್ರು ಹುಡುಗಿ ಬಿಟ್ಟು ಗದ್ದೆ ನೋಡ್ತಿದ್ರು."

"ಹಾಂಗಂತ ಹುಡುಗಿ ಹೇಳೂದಲ್ದಾ?"

"ಹುಡುಗಿ ಹೇಳೂದು. ಗದ್ದೆ ನಾನೂ ನೋಡಿ ಬಂದಿದ್ದೆ. ಅದು ಯಾರ ಕಣ್ಣಿಗೂ ಬೀಳೂವಂತದ್ದೇ. ಮತ್ತೂ ಕೇಳ್ಕೊಳ್ಳಿ. ಯಾರು ಹೇಳಿದ್ದನ್ನೂ ಆ ಹುಡುಗಿ ಸುಮ್ನೆ ಒಪ್ಪೂದಿಲ್ಲ. ಒಂದನ್ನ ಎರಡು ಸಲ ನೋಡದೆ ಬಿಡೂದಿಲ್ಲ. ನೀವು ಚಂದ ಮಾತಾಡಿದ್ರೆ ಎಲ್ಲಿ ಹುಳುಕಿದೆ ಅಂತ ಹುಡುಕ್ತಾರೆ. ಮೂರು ಮಳೆಗಾಲ ನನ್ನ ತಲೆ ಮೇಲೆ ಇದ್ರು, ಒಂದು ಸುಳ್ಳು ಹಿಡೀಬೇಕು ಅಂತ ನಾ ಮಾಡದ್ದಿಲ್ಲ. ಸಿಗ್ಲಿಲ್ಲ."

ಇಷ್ಟು ಹೇಳಿದ ಮೇಲೆ ಸುಮ್ಮನಿರಬಹುದಿತ್ತು. ಕೇಳಿದವರಿಗೆ ಉತ್ತರ ಸಿಕ್ಕಿತ್ತು. ಆದರೆ ಒಳಗಿಂದ ಏನೋ ಒತ್ತಿಕೊಂಡು ಬಂತು. ಈ ಮನುಷ್ಯ ಯಾರು, ಇವನ ಅಕ್ಕನ ಮಗ ಎಂಥವನು, ಅವನ ಮಾಸ್ತರಿಕೆ ಕಾಯಮ್ಮೋ ಅತಿಥಿಯೋ, ಒಂದೂ ನನಗೆ ಗೊತ್ತಿಲ್ಲ. ಗೊತ್ತಿಲ್ಲದವರ ಕೈಗೆ ಅಕ್ಕೋರನ್ನು ಕೊಡುವ ಮಾತು ನಾನು ಹೇಗೆ ಆಡಿದೆ ಎಂದು ನನ್ನ ಮೇಲೆಯೇ ರೇಗಿತು.

"ಈಗ ನಾ ಕೇಳ್ತೆ," ಎಂದೆ. "ನಿಮ್ಮ ಹುಡುಗ ಯಂತ ನೋಡಿ ಒಪ್ಪಿದ್ದು?"

"ಅಂದ್ರೆ?"

"ಹುಡುಗಿ ನೋಡಿದ್ನಾ, ಅವ್ರ ಸಂಬಳ ನೋಡಿದ್ನಾ, ರಸ್ತೆ ಬದಿ ಜಾಗ ನೋಡಿದ್ನಾ? ಅವ್ರ ಕೆಲಸ ಯಂತದ್ದು ಅಂತ ಒಂದ್ಸಲನಾದ್ರೂ ಕೂತು ಕೇಳಿದ್ದಾನಾ? ನಿಮ್ಮ ಮನೆಯವ್ರ ಜೊತೆ ಮಾತು ಬಿಟ್ಟವ್ರು ಊರಲ್ಲಿ ಯಾರಿದ್ದಾರೆ, ಅವ್ರ ಹೆಸರು ಹೇಳಿ. ಬರೂ ಆದಿತ್ಯವಾರ ನಾ ಅಂಕೋಲೆಗೆ ಬತ್ತೆ. ಮೊದ್ಲು ಅವ್ರ ಮನೆ, ಆಮೇಲೆ ನಿಮ್ಮ ಮನೆ."

ಆ ಕಡೆಯವರು ಸ್ವಲ್ಪ ಬಿಗಿಯಾಗಿಯೇ ಕೇಳಿದರು, "ಅಲ್ಲ, ಮನೆ ಬಾಡಿಗೆಗೆ ಕೊಟ್ಟವ್ರು ನೀವು. ಇಷ್ಟೆಲ್ಲ ಕೇಳೂಕೆ ಆ ಹುಡುಗಿಗೆ ನೀವು ಯಂತ ಆಗ್ಬೇಕು?"

"ನಾ ಹೆಣ್ಣಿನ ಕಡೆಯವ," ಎಂದೆ. "ಆದಿತ್ಯವಾರ ಹುಡುಗನ್ನ ಮನೇಲೇ ಇರೂಕೆ ಹೇಳಿ."